ಪೈ ಬೆಲೆ ಬದಲಾಗುತ್ತದೆಯೇ? ಚೆಂಡು, ಕಾಗದ, ದಾರ ಹಿಡಿದು ಪರೀಕ್ಷಿಸುವ ಕ್ರಮ

ಏಳು ಸೆಂಟಿಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ ಎಷ್ಟು? ಪೈ ಅಂದರೆ 22/7 ಎಂದು ಹಿಡಿದರೆ 154 ಚದರ ಸೆಂ.ಮೀ. ಬರುತ್ತದೆ, 3.14 ಎಂದು ಹಿಡಿದರೆ 153.86. ಪ್ರಶ್ನೆಪತ್ರಿಕೆ ಒಮ್ಮೆ ಇದನ್ನು, ಒಮ್ಮೆ ಅದನ್ನು ಬಳಸಲು ಹೇಳುವುದರಿಂದ ಎರಡೂ ಉತ್ತರಕ್ಕೆ ಪೂರ್ಣ ಅಂಕ ಸಿಗುತ್ತದೆ. ನಿಜವಾದ ವಿಸ್ತೀರ್ಣ 153.938ರ ಆಸುಪಾಸು. ಹೀಗಿರುವಾಗ ಎಂಟನೆಯ ತರಗತಿಯ ಮಗು ‘ಪೈಗೆ ಎರಡು ಬೆಲೆ ಉಂಟೇ? ಇನ್ನೆಲ್ಲೋ ಮೂರನೆಯದೂ ಇರಬಹುದೇ?’ ಎಂದು ಕೇಳಿದರೆ ಅದು ಬಹಳ ಒಳ್ಳೆಯ ಪ್ರಶ್ನೆ. ‘ಇಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ, ಮಗುವಿನ ಕೈಗೆ ಚೆಂಡು ಮತ್ತು ದಾರ ಕೊಡಿ.

ಮುಂಬಯಿ, ಪುಣೆಯ ಕನ್ನಡ ಸಂಘಗಳಲ್ಲಿ ರವಿವಾರ ಮಕ್ಕಳಿಗೆ ಪಾಠ ಹೇಳುವವರು, ಗೋವೆಯ ವಾಸ್ಕೋದಂಥ ಊರಲ್ಲಿ ಮನೆಯಲ್ಲೇ ಕಲಿಸುವ ಹೆತ್ತವರು ಎರಡು ಗಂಟೆಯಲ್ಲಿ ಮಾಡಿ ಮುಗಿಸಬಹುದಾದ ಕ್ರಮ ಇಲ್ಲಿದೆ. ಉದ್ದಕ್ಕೂ ಒಂದೇ ಪ್ರಶ್ನೆಯನ್ನು ಕೈಬಿಡಬೇಡಿ. ಬೇರೆ ಬೆಲೆ ಬಂದಾಗಲೆಲ್ಲ ಕೇಳಿ: ಏನನ್ನು ಅಳೆದೆ, ಯಾವುದರಿಂದ ಭಾಗಿಸಿದೆ? ಮರಾಠಿ ಮಾಧ್ಯಮದ ಮಕ್ಕಳಿದ್ದರೆ ಪರಿಧಿಯನ್ನು ‘ಪರೀಘ’ ಎಂದೂ ಹೇಳಿ. ವ್ಯಾಸ, ತ್ರಿಜ್ಯ ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ.

ಬೇಕಾಗುವ ಸಾಮಾನು

ಅಂಚು ನೇರವಾಗಿರುವ ಸ್ಟೀಲ್ ತಟ್ಟೆ ಒಂದು (28 ಸೆಂ.ಮೀ. ವ್ಯಾಸದ್ದು ಅನುಕೂಲ), 5ನೇ ನಂಬರಿನ ಫುಟ್‌ಬಾಲ್, ದಪ್ಪ ಡ್ರಾಯಿಂಗ್ ಕಾಗದ ನಾಲ್ಕು ಹಾಳೆ, ಗ್ರಾಫ್ ಕಾಗದ, ಹೊಲಿಗೆ ದಾರ, ಅರ್ಧ ಸೆಂ.ಮೀ. ಅಗಲದ ಉದ್ದನೆಯ ಕಾಗದದ ಪಟ್ಟಿಗಳು, ಕಂಪಾಸ್, ಕೋನಮಾಪಕ, ಕತ್ತರಿ, ಅಂಟು, ಸೆಲೋಟೇಪ್, 30 ಸೆಂ.ಮೀ.ನ ಸ್ಟೀಲ್ ಸ್ಕೇಲ್, ಕ್ಯಾಲ್‌ಕ್ಯುಲೇಟರ್. ಚೆಂಡು ಮುಂಬಯಿಯಲ್ಲಿ ಧೋಬಿ ತಲಾವ್ ಕಡೆಯ ಆಟದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಪುಣೆಯಲ್ಲಿ ಕಾಗದ, ಕಂಪಾಸಿಗೆ ಅಪ್ಪಾ ಬಳವಂತ ಚೌಕ ಸಾಕು.

ಟೇಲರ್ ಟೇಪನ್ನು ನಂಬಬೇಡಿ. ಹಳೆಯದಾದಂತೆ ಅದು ಹಿಗ್ಗುತ್ತದೆ. ಬಳಸಲೇಬೇಕಾದರೆ ಸ್ಟೀಲ್ ಸ್ಕೇಲಿನ ಪಕ್ಕದಲ್ಲಿಟ್ಟು ತಾಳೆ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ತೇವದಲ್ಲಿ ಕಾಗದ ಮೆತ್ತಗಾಗುತ್ತದೆ, ಸೆಲೋಟೇಪ್ ಸರಿಯಾಗಿ ಹಿಡಿಯುವುದಿಲ್ಲ. ಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು, ಅಳೆಯುವ ಹೊತ್ತಿಗಷ್ಟೇ ಹೊರತೆಗೆಯಿರಿ.

ಮೊದಲು ತಟ್ಟೆ

ತಟ್ಟೆಯ ಅಂಚಿಗೆ ಕಾಗದದ ಪಟ್ಟಿ ಸುತ್ತಿ, ಕೊನೆಗಳು ಒಂದರ ಮೇಲೊಂದು ಬರುವಲ್ಲಿ ಪೆನ್ಸಿಲ್ ಗೆರೆ ಹಾಕಿ, ಬಿಚ್ಚಿ ಅಳೆಯಿರಿ. ವ್ಯಾಸ ಅಳೆಯಲು ತಟ್ಟೆಯನ್ನು ಗೋಡೆಗೆ ತಾಗಿಸಿಟ್ಟು ಎದುರು ಬದಿಗೆ ಗಟ್ಟಿ ರಟ್ಟಿನ ಪುಸ್ತಕ ನಿಲ್ಲಿಸಿ. ಗೋಡೆಗೂ ಪುಸ್ತಕಕ್ಕೂ ನಡುವಿನ ಅಂತರವೇ ವ್ಯಾಸ. ಪರಿಧಿಯನ್ನು ವ್ಯಾಸದಿಂದ ಭಾಗಿಸಿ, ಆ ಅನುಪಾತವೇ ಪೈ. ಸ್ಕೇಲನ್ನು ಕಣ್ಣಂದಾಜಿನಲ್ಲಿ ನಡುವೆ ಇಟ್ಟರೆ ವ್ಯಾಸ ಯಾವಾಗಲೂ ಕಡಿಮೆಯೇ ಬರುತ್ತದೆ, ಏಕೆಂದರೆ ಕೇಂದ್ರ ತಪ್ಪಿಸಿದ ಪ್ರತಿ ಜ್ಯಾವೂ ವ್ಯಾಸಕ್ಕಿಂತ ಚಿಕ್ಕದು. ಆಗ ಪೈ ಬೆಲೆ ಏರಿದಂತೆ ಕಾಣುತ್ತದೆ.

ದಪ್ಪ ದಾರ ಬಳಸಿದರೂ ಬೆಲೆ ಏರುತ್ತದೆ. 2 ಮಿ.ಮೀ. ದಪ್ಪದ ಹಗ್ಗವನ್ನು 28 ಸೆಂ.ಮೀ. ತಟ್ಟೆಗೆ ಸುತ್ತಿದರೆ ಹಗ್ಗದ ನಡುಗೆರೆ ಕ್ರಮಿಸುವುದು 28.2 ಸೆಂ.ಮೀ. ವ್ಯಾಸದ ವೃತ್ತವನ್ನು. ಉತ್ತರ 3.164 ಬರುತ್ತದೆ. ಹತ್ತು ಸುತ್ತು ಸುತ್ತಿ ಹತ್ತರಿಂದ ಭಾಗಿಸಿದರೂ ಈ ದೋಷ ಹೋಗದು, ಪ್ರತಿ ಸುತ್ತಿನಲ್ಲೂ ಅದು ಅಷ್ಟೇ ಸೇರಿಕೊಳ್ಳುತ್ತದೆ.

ಎಚ್ಚರದಿಂದ ಅಳೆದರೆ 3.13ರಿಂದ 3.15ರ ಒಳಗೆ ಬರಬೇಕು. ವ್ಯಾಸದಲ್ಲಿ ಒಂದು ಮಿಲಿಮೀಟರ್ ಆಚೀಚೆಯಾದರೆ ಉತ್ತರದಲ್ಲಿ 0.011 ಆಚೀಚೆಯಾಗುತ್ತದೆ. ಹಾಗಾಗಿ 22/7 ಸರಿಯೋ 3.14 ಸರಿಯೋ ಎಂದು ಈ ತಟ್ಟೆ ಹೇಳಲಾರದು. ಅವೆರಡರ ನಡುವಿನ ವ್ಯತ್ಯಾಸ 0.003ಕ್ಕಿಂತ ಕಡಿಮೆ. ಎರಡೂ ಪೈಯ ಸಮೀಪದ ಸಂಖ್ಯೆಗಳು, ಪೈ ಅಲ್ಲ. ಬೋರ್ಡಿನ ಮೇಲೆ ‘ಪೈ = 22/7’ ಎಂದು ಬರೆಯುವ ರೂಢಿಯನ್ನು ಬಿಟ್ಟು ‘ಪೈ ಸುಮಾರು 22/7’ ಎಂದು ಬರೆದರೆ ಮಕ್ಕಳ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಕ್ರಿ.ಶ. 499ರಲ್ಲೇ ಆರ್ಯಭಟ 20,000 ವ್ಯಾಸಕ್ಕೆ 62,832 ಪರಿಧಿ ಎಂದು ಹೇಳುವಾಗ ‘ಆಸನ್ನ’, ಅಂದರೆ ಹತ್ತಿರದ್ದು, ಎಂಬ ಪದವನ್ನು ಸೇರಿಸಿದ್ದಾನೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಒರಟು ಲೆಕ್ಕಕ್ಕೆ 3, ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲ (3.162) ಎಂದು ಎರಡು ಬೆಲೆ ಕೊಟ್ಟ. ಬೇಕಾದ ನಿಖರತೆಗೆ ತಕ್ಕ ಬೆಲೆ ಬಳಸುವುದು ಹಳೆಯ ಪದ್ಧತಿಯೇ. ಅದರಿಂದ ಪೈ ಎರಡಾಗುವುದಿಲ್ಲ.

ಈಗ ಚೆಂಡು

ಇಲ್ಲಿ ಹೊತ್ತು ತೆಗೆದುಕೊಳ್ಳಿ, ಪಾಠದ ಜೀವ ಇರುವುದು ಇಲ್ಲೇ. ಚೆಂಡಿಗೆ ಗಾಳಿ ಗಟ್ಟಿಯಾಗಿ ತುಂಬಿರಬೇಕು. ಮೆತ್ತಗಿದ್ದರೆ ದಾರ ಬಿಗಿದಲ್ಲಿ ತಗ್ಗು ಬೀಳುತ್ತದೆ. ಚೆಂಡಿನ ಮೇಲೆ ಒಂದು ಚುಕ್ಕೆ ಇಡಿ. ಕಾಗದದ ಪಟ್ಟಿ ಆ ಚುಕ್ಕೆಯ ಮೇಲೆ ಹಾದು ಇಡೀ ಚೆಂಡನ್ನು ಸುತ್ತಿ ಬರುವಂತೆ, ಅತಿ ದೊಡ್ಡ ಸುತ್ತು ಬರುವವರೆಗೆ ಹೊಂದಿಸಿ ಅಳೆಯಿರಿ. 5ನೇ ನಂಬರಿನ ಚೆಂಡಿಗೆ 68ರಿಂದ 70 ಸೆಂ.ಮೀ. ಇರುತ್ತದೆ. 69 ಬಂತೆಂದು ಇಟ್ಟುಕೊಳ್ಳೋಣ. ನಿಮ್ಮ ಚೆಂಡಿನ ಅಳತೆ ಬೇರೆಯಾದರೆ ಮುಂದಿನ ಅಂಕಿಗಳನ್ನು ಅದೇ ಪ್ರಮಾಣದಲ್ಲಿ ಬದಲಿಸಿಕೊಳ್ಳಿ.

ಸುತ್ತಳತೆಯ ಹನ್ನೆರಡನೇ ಒಂದು ಭಾಗ, ಅಂದರೆ 5.75 ಸೆಂ.ಮೀ., ಪಟ್ಟಿಯ ಮೇಲೆ ಗುರುತು ಹಾಕಿ. ಪಟ್ಟಿಯ ಒಂದು ತುದಿಯನ್ನು ಚುಕ್ಕೆಗೆ ಒತ್ತಿ ಹಿಡಿದು, ಗುರುತಿನಲ್ಲಿ ಪೆನ್ನಿಟ್ಟು, ಪಟ್ಟಿ ಚೆಂಡಿಗೆ ಅಂಟಿಕೊಂಡೇ ಇರುವಂತೆ ಸುತ್ತಲೂ ತಿರುಗಿಸಿ. ವೃತ್ತ ಸಿದ್ಧ. ಇದರ ಪರಿಧಿಯನ್ನು ಹೊಲಿಗೆ ದಾರದಿಂದ ಅಳೆಯಬೇಕು. ಕಾಗದದ ಪಟ್ಟಿ ಇಲ್ಲಿ ಸುಕ್ಕಾಗುತ್ತದೆ, ಬಾಗಿದ ಮೈಮೇಲೆ ಸಣ್ಣ ವೃತ್ತದ ಗುಂಟ ಅದು ಮಲಗದು. ದಾರವನ್ನು ಬಿಗಿದು ಎಳೆದರೂ ಅದು ವೃತ್ತ ಬಿಟ್ಟು ಚುಕ್ಕೆಯ ಕಡೆಗೆ ಜಾರುತ್ತದೆ. ಎರಡು ಮೂರು ಸೆಂಟಿಮೀಟರಿಗೊಂದು ಚಿಕ್ಕ ಸೆಲೋಟೇಪ್ ತುಂಡು ಅಂಟಿಸುತ್ತಾ, ಗೆರೆಯ ಮೇಲೆ ದಾರವನ್ನು ಎಳೆಯದೆ ಕೂರಿಸಿ. ಈ ಒಂದು ಕೆಲಸಕ್ಕೆ ಹತ್ತು ನಿಮಿಷ ಹಿಡಿದರೂ ಅವಸರ ಮಾಡಬೇಡಿ.

ಬಿಚ್ಚಿ ಅಳೆದರೆ ಸುಮಾರು 34.5 ಸೆಂ.ಮೀ. ಬರುತ್ತದೆ. ಚೆಂಡಿನ ಮೈಗುಂಟ ಅಳೆದ ವ್ಯಾಸ 11.5. ಭಾಗಿಸಿ: 3. ಸಮತಟ್ಟು ಕಾಗದದಲ್ಲಿ ಇದೇ ತ್ರಿಜ್ಯಕ್ಕೆ ಪರಿಧಿ 36.1 ಸೆಂ.ಮೀ. ಬರಬೇಕಿತ್ತು, ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಕೊರತೆ. ಇದು ದಾರದ ತಪ್ಪಿನಿಂದ ಬರುವ ಅಂತರವಲ್ಲ, ಮಕ್ಕಳ ಕೈಗೂ ಸಿಕ್ಕುವಷ್ಟು ದೊಡ್ಡದು.

ಈಗ ಪಟ್ಟಿಯನ್ನು ಉದ್ದ ಮಾಡುತ್ತಾ ಹೋಗಿ. ತ್ರಿಜ್ಯ 11.5 ಆದಾಗ ಪರಿಧಿ 59.8, ಅನುಪಾತ 2.6. ತ್ರಿಜ್ಯ 17.25 ಆದಾಗ ವೃತ್ತ ಚೆಂಡಿನ ನಡುಪಟ್ಟಿಯೇ ಆಗುತ್ತದೆ. ಪರಿಧಿ 69, ವ್ಯಾಸ 34.5, ಅನುಪಾತ ಸರಿಯಾಗಿ 2. ಇನ್ನೂ ಮುಂದೆ, ತ್ರಿಜ್ಯ 23 ಆದಾಗ ಪರಿಧಿ ಮತ್ತೆ 59.8ಕ್ಕೆ ಇಳಿದು ಅನುಪಾತ 1.3 ಆಗುತ್ತದೆ. ಚುಕ್ಕೆಯ ನೇರ ಎದುರಿನ ಬಿಂದು ಮುಟ್ಟಿದರೆ ಸೊನ್ನೆ.

ಇಲ್ಲಿ ಮಕ್ಕಳು ‘ಹಾಗಾದರೆ ಚೆಂಡಿನ ಮೇಲೆ ಪೈ ಬೆಲೆ ಬೇರೆ!’ ಎನ್ನುತ್ತಾರೆ. ತಡೆಯಬೇಡಿ. ‘ಚೆಂಡಿನ ಪೈ ಎಷ್ಟು? 3, 2.6, 2, 1.3, ಇದರಲ್ಲಿ ಯಾವುದು?’ ಎಂದು ಕೇಳಿ. ವೃತ್ತದ ಗಾತ್ರ ಬದಲಾದಂತೆ ಅನುಪಾತವೂ ಬದಲಾಗುವುದರಿಂದ ಅದನ್ನು ಸ್ಥಿರಾಂಕ ಎಂದು ಕರೆಯಲು ಬರುವುದಿಲ್ಲ. ಸಮತಟ್ಟಿನಲ್ಲಿ ಬಳೆಗೂ ಮೈದಾನಕ್ಕೂ ಒಂದೇ ಅನುಪಾತ ಬರುತ್ತದೆ. ಆ ಗುಣಕ್ಕಾಗಿಯೇ ಪೈಗೆ ಒಂದು ಹೆಸರು ಸಿಕ್ಕಿದ್ದು. ಚೆಂಡಿನ ಮೇಲೆ ಆ ಗುಣ ಅಳಿದುಹೋಗುತ್ತದೆ.

ಮೊದಲ ವೃತ್ತಕ್ಕೇ ಮರಳಿ. ಅದರ ಎದುರುಬದುರಿನ ಎರಡು ಬಿಂದುಗಳಿಗೆ ಕಂಪಾಸಿನ ಎರಡು ಮೊನೆ ತಾಗಿಸಿ. ನಡುವೆ ಚೆಂಡು ಒಂದೂವರೆ ಸೆಂಟಿಮೀಟರಿನಷ್ಟು ಉಬ್ಬಿದ್ದರೂ ಕಂಪಾಸಿನ ಕಾಲುಗಳು ಅದರ ಆಚೀಚೆ ನಿಲ್ಲುತ್ತವೆ. ಮೊನೆಗಳ ನಡುವಿನ ನೇರ ದೂರ ಸುಮಾರು 11 ಸೆಂ.ಮೀ. ಅದರಿಂದ 34.5ನ್ನು ಭಾಗಿಸಿದರೆ 3.14! ವೃತ್ತ ಅದೇ, ದಾರ ಅದೇ. ಮೈಗುಂಟ ಹೋದ ವ್ಯಾಸದಿಂದ ಭಾಗಿಸಿದರೆ 3, ಚೆಂಡಿನೊಳಗೆ ನೇರ ಹಾದ ವ್ಯಾಸದಿಂದ ಭಾಗಿಸಿದರೆ ಪೈ. ಬದಲಾದದ್ದು ಛೇದದಲ್ಲಿ ಕೂತ ಉದ್ದ. ಒಂಬತ್ತು, ಹತ್ತನೆಯ ತರಗತಿಯವರಿಗೆ ಸೂತ್ರವನ್ನೂ ಹೇಳಿ: ಚೆಂಡಿನ ಕೇಂದ್ರದಲ್ಲಿ ತ್ರಿಜ್ಯ ಮಾಡುವ ಕೋನ ಥೀಟಾ (ರೇಡಿಯನ್‌ನಲ್ಲಿ) ಆದರೆ ಅನುಪಾತ = ಪೈ × ಸೈನ್ ಥೀಟಾ ÷ ಥೀಟಾ. ಅನುಪಾತ ಏನೇ ಆಗಲಿ, ಸೂತ್ರದೊಳಗೆ ಪೈ ತನ್ನ 3.14159 ಬೆಲೆಯಲ್ಲೇ ಇದೆ.

ಭೂಮಿಯೂ ಚೆಂಡೇ ಅಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮುಂಬಯಿಯನ್ನು ಕೇಂದ್ರ ಮಾಡಿ ಪುಣೆ ಮುಟ್ಟುವಷ್ಟು, ಸುಮಾರು 120 ಕಿ.ಮೀ. ತ್ರಿಜ್ಯದ ವೃತ್ತ ಎಳೆದರೆ ಸಮತಟ್ಟಿನ ಲೆಕ್ಕದಲ್ಲಿ ಪರಿಧಿ 754 ಕಿ.ಮೀ. ಭೂಮಿಯ ಬಾಗಿನಿಂದ ಕಡಿಮೆಯಾಗುವುದು ಸುಮಾರು 45 ಮೀಟರ್ ಮಾತ್ರ, ಅನುಪಾತ 3.1414. ಮನೆಯ ತಟ್ಟೆಗೆ ಈ ಪರಿಣಾಮ ಲೆಕ್ಕಕ್ಕೇ ಬಾರದು.

ಕಾಗದದ ಶಂಕು

ಡ್ರಾಯಿಂಗ್ ಕಾಗದದಲ್ಲಿ 10 ಸೆಂ.ಮೀ. ತ್ರಿಜ್ಯದ ವೃತ್ತ ಕತ್ತರಿಸಿ. ಅದರಲ್ಲಿ 60 ಡಿಗ್ರಿಯ ಹೋಳನ್ನು ಗುರುತಿಸಿ, ಅಂಟಿಸಲು ಅರ್ಧ ಸೆಂಟಿಮೀಟರ್ ಉಳಿಸಿ ಕತ್ತರಿಸಿ, ಗೆರೆಗೆ ಗೆರೆ ಸೇರುವಂತೆ ಅಂಟಿಸಿ. ಅಂಟಿನ ಜಾಗ ಉಳಿಸದಿದ್ದರೆ ಹೋದ ಕೋನ ಅರವತ್ತಕ್ಕಿಂತ ಹೆಚ್ಚಾಗಿ ಲೆಕ್ಕ ತಪ್ಪುತ್ತದೆ. ಅಂಚಿನ ಪರಿಧಿ 52.4 ಸೆಂ.ಮೀ., ಅನುಪಾತ 2.618. ಇದು ಸುವರ್ಣ ಅನುಪಾತ ಎಂಬ ಸಂಖ್ಯೆಯ (1.61803) ವರ್ಗಕ್ಕೆ (2.61803) ತೀರಾ ಹತ್ತಿರ ಇದೆ ಎಂದು ಚುರುಕಾದ ಮಗು ಕಂಡುಹಿಡಿಯಬಹುದು. ಮೆಚ್ಚಿಕೊಂಡು, ಐದನೇ ದಶಮಾಂಶದವರೆಗೆ ಲೆಕ್ಕ ಮಾಡಿಸಿ. ಪೈಯ ಆರನೇ ಐದು ಭಾಗ 2.61799, ಎರಡೂ ಒಂದಲ್ಲ, ಬರೀ ಕಾಕತಾಳೀಯ.

ಇನ್ನೊಂದು ವೃತ್ತವನ್ನು ಅಂಚಿನಿಂದ ಕೇಂದ್ರದವರೆಗೆ ಸೀಳಿ, ತೆಗೆದಿಟ್ಟ ಹೋಳಿನಂಥದ್ದನ್ನು ನಡುವೆ ಸೇರಿಸಿದರೆ ಕಾಗದ ಕುದುರೆಯ ತಡಿಯ ಹಾಗೆ ಬಾಗುತ್ತದೆ. ಪರಿಧಿ 73.3, ಅನುಪಾತ 3.665. ಪೈಗಿಂತ ದೊಡ್ಡ ಅನುಪಾತವನ್ನೂ ಕೈಯಲ್ಲಿ ಹಿಡಿದಂತಾಯಿತು. ತುದಿಯನ್ನೇ ಕೇಂದ್ರವಾಗಿಟ್ಟ ಎಲ್ಲ ವೃತ್ತಕ್ಕೂ ಶಂಕುವಿನಲ್ಲಿ ಒಂದೇ ಅನುಪಾತ ಬರುತ್ತದೆ, ಚೆಂಡಿನ ಹಾಗಲ್ಲ. ಆದರೆ ಶಂಕುವಿನ ಇಳಿಜಾರಿನಲ್ಲಿ, ತುದಿಯನ್ನು ಒಳಗೊಳ್ಳದ ಸಣ್ಣ ವೃತ್ತ ಎಳೆದರೆ ಮತ್ತೆ ಪೈಯೇ. ಅನುಪಾತ ಸರಿಯಾಗಿ 3 ಬರುವ ಶಂಕು ಬೇಕೆಂದರೆ 16 ಡಿಗ್ರಿಗಿಂತ ಚೂರು ಹೆಚ್ಚಿನ ಹೋಳು ತೆಗೆಯಿರಿ.

ಗ್ರಾಫ್ ಕಾಗದ ಮತ್ತು ಟ್ಯಾಕ್ಸಿ ದೂರ

ಮುಂಬಯಿಯ ಕಾಳಿ-ಪೀಳಿ (ಕಪ್ಪು-ಹಳದಿ) ಟ್ಯಾಕ್ಸಿ ಕಟ್ಟಡಗಳ ನಡುವೆ ತೂರಿ ಹೋಗಲಾರದು. ಗ್ರಾಫಿನ ಗೆರೆಗಳೇ ರಸ್ತೆ, ಅಡ್ಡ ಮತ್ತು ಉದ್ದ ಮಾತ್ರ ಓಡಬೇಕು ಎಂದು ನಿಯಮ ಮಾಡಿ. ಒಂದು ಬಿಂದುವಿನಿಂದ ಐದು ಮನೆ ದೂರದ ಎಲ್ಲ ಬಿಂದುಗಳನ್ನು ಗುರುತಿಸಿದರೆ ಓರೆಯಾಗಿ ನಿಂತ ಚೌಕ ಬರುತ್ತದೆ. ಈ ದೂರದ ನಿಯಮದಲ್ಲಿ ಅದೇ ವೃತ್ತ. ಒಂದೊಂದು ಬದಿಗೆ ಟ್ಯಾಕ್ಸಿ 10 ಮನೆ ಓಡಬೇಕು, ಪರಿಧಿ 40, ವ್ಯಾಸ 10, ಅನುಪಾತ 4. ಬದಿಯನ್ನು ಸ್ಕೇಲಿನಿಂದ ಅಳೆದು 7.07 ಎಂದವರಿಗೆ 2.83 ಬರುತ್ತದೆ. ಮೇಲೊಂದು ದೂರ, ಕೆಳಗೊಂದು ದೂರ ಹಾಕಿ ಭಾಗಿಸಿದ್ದರಿಂದ ಆದ ತಪ್ಪು ಅದು. ಒಂದು ಲೆಕ್ಕದಲ್ಲಿ ಒಂದೇ ಅಳತೆಗೋಲು ಇರಬೇಕು.

ಇಂಥ ದೂರದ ನಿಯಮಗಳನ್ನು ಬೇಕಾದಷ್ಟು ಕಟ್ಟಬಹುದು. ಕೇಂದ್ರದ ಆಚೀಚೆ ಸಮವಾಗಿರುವ ಉಬ್ಬು ಆಕೃತಿಯನ್ನು ವೃತ್ತವೆಂದು ಹಿಡಿದು ಸಮತಲದಲ್ಲಿ ಕಟ್ಟಿದ ಯಾವ ದೂರಕ್ಕೂ ಅನುಪಾತ 3ಕ್ಕಿಂತ ಕಡಿಮೆ, 4ಕ್ಕಿಂತ ಹೆಚ್ಚು ಆಗಲಾರದು ಎಂದು ಪೋಲೆಂಡಿನ ಗಣಿತಜ್ಞ ಸ್ತಾನಿಸ್ವಾಫ್ ಗೊವಾಂಬ್ 1932ರಲ್ಲಿ ಸಾಧಿಸಿದರು. ಸಮ ಷಡ್ಭುಜದಂಥದ್ದಕ್ಕೆ 3, ಚೌಕದಂಥದ್ದಕ್ಕೆ 4. ಬದಲಾಗಬಹುದು ಎಂದರೂ ಮನಬಂದಂತೆ ಬದಲಾಗದು. ಇದಕ್ಕಿಂತ ಚೆಂದದ ಉತ್ತರ ಈ ಪ್ರಶ್ನೆಗೆ ಸಿಗುವುದು ಕಷ್ಟ.

ವೃತ್ತವೇ ಇಲ್ಲದೆ ಪೈ

ಈಗ ತಟ್ಟೆ, ಚೆಂಡು ಎಲ್ಲ ಬದಿಗಿಟ್ಟು ಕ್ಯಾಲ್‌ಕ್ಯುಲೇಟರ್ ಹಿಡಿಯಿರಿ. 1 − 1/3 + 1/5 − 1/7 ಎಂದು ಹತ್ತು ಪದಗಳವರೆಗೆ (ಕೊನೆಯದು 1/19) ಕೂಡಿ ಕಳೆದು, ನಾಲ್ಕರಿಂದ ಗುಣಿಸಿ. 3.04184 ಬರುತ್ತದೆ. ಕೇರಳದ ಗಣಿತಜ್ಞ ಸಂಗಮಗ್ರಾಮದ ಮಾಧವನ ಹೆಸರಿನಲ್ಲಿರುವ ಈ ಶ್ರೇಢಿ ಬಹಳ ನಿಧಾನ. ಅದಕ್ಕೇ ಆ ಪರಂಪರೆಯವರು ಒಂದು ತಿದ್ದುಪಡಿ ಸೇರಿಸಿದರು: ಪದಗಳ ಸಂಖ್ಯೆಯನ್ನು, ಅದರ ವರ್ಗದ ನಾಲ್ಕು ಪಟ್ಟಿಗೆ ಒಂದು ಕೂಡಿಸಿದ್ದರಿಂದ ಭಾಗಿಸಿ. ಇಲ್ಲಿ ಅದು 10/401. ನಾಲ್ಕು ಪಟ್ಟು ಮಾಡಿದರೆ 0.09975. ಕೂಡಿಸಿದರೆ 3.14159. ಹತ್ತೇ ಪದದಲ್ಲಿ ಐದು ದಶಮಾಂಶ! ಪದಗಳ ಸಂಖ್ಯೆ ಬೆಸವಾದರೆ ತಿದ್ದುಪಡಿಯನ್ನು ಕಳೆಯಬೇಕು. ಚಿಹ್ನೆ ತಪ್ಪಿಸುವುದೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು.

ಈ ಲೆಕ್ಕದಲ್ಲಿ ಬೆಸ ಸಂಖ್ಯೆಗಳ ಹೊರತು ಏನೂ ಇಲ್ಲ. ಜಾಗ ಚಪ್ಪಟೆಯಾಗಿರಲಿ, ಬಾಗಿರಲಿ, ಕೂಡಿಸಿದ ಮೊತ್ತ ಅದೇ. ಬೇರೆ ವಿಶ್ವದಲ್ಲಿ ಪೈ ಬೇರೆಯಾಗಬೇಕಿದ್ದರೆ ಅಲ್ಲಿ ಮೂರು, ಐದು, ಏಳೂ ಬೇರೆಯಾಗಬೇಕು. ಚೆಂಡಿನ ಮೇಲಿನ ಜೀವಿಗಳಿಗೂ ಈ ಸಂಖ್ಯೆ ಸಿಗುತ್ತದೆ. ಅದು ಅವರ ವೃತ್ತಗಳ ಅನುಪಾತವಾಗಿರುವುದಿಲ್ಲ, ಅಷ್ಟೇ. ಇ ಎಂಬ ಆಯ್ಲರ್ ಸಂಖ್ಯೆಗೂ (2.71828) ಇದೇ ಮಾತು.

ಕಂಪ್ಯೂಟರ್ ಇದ್ದರೆ ಪೈಥಾನ್‌ನಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿ. ಮ್ಯಾತ್ ಮಾಡ್ಯೂಲಿನ ಪೈ ಎಂಬ ಹೆಸರಿಗೆ 3 ಎಂದು ಬೆಲೆ ಕೊಡಿ. ಅದು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ನಂತರ ಆ ಪೈಯ ಸೈನ್ ಕೇಳಿ. ಸೊನ್ನೆಯ ಬದಲು 0.1411 ಬರುತ್ತದೆ, ಅದು 3 ರೇಡಿಯನ್‌ನ ಸೈನ್. −1ರ ಆರ್ಕ್ ಕೊಸೈನ್ ಕೇಳಿದರೆ 3.14159 ಎಂದೇ ಉತ್ತರ. ಚೀಟಿಯ ಮೇಲಿನ ಬರಹ ಬದಲಾಗಿದೆ, ಸಂಖ್ಯೆ ಕದಲಿಲ್ಲ. ಮುಗಿದ ಮೇಲೆ ಪೈಥಾನ್ ಮುಚ್ಚಿ ತೆರೆಯಲು ಮರೆಯಬೇಡಿ, ಇಲ್ಲವಾದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಬೆಲೆ ತಿದ್ದಿದ್ದು ಉಂಟು

ಇಂಗ್ಲೆಂಡಿನ ವಿಲಿಯಂ ಶ್ಯಾಂಕ್ಸ್ ಕೈಲೆಕ್ಕದಲ್ಲೇ ಪೈಯ 707 ದಶಮಾಂಶಗಳನ್ನು 1873ರಲ್ಲಿ ಪ್ರಕಟಿಸಿದ. 527ರ ನಂತರದ್ದು ತಪ್ಪು ಎಂದು ಗೊತ್ತಾದದ್ದು 1940ರ ದಶಕದಲ್ಲಿ. ಫ್ರಾನ್ಸಿನ ಗಣಿತಜ್ಞ ಲೆಜಾಂಡ್ರ್ ಅವಿಭಾಜ್ಯ ಸಂಖ್ಯೆಗಳ ಎಣಿಕೆಯ ಸೂತ್ರಕ್ಕೆ 1.08366 ಎಂಬ ಸ್ಥಿರಾಂಕ ಬೇಕೆಂದು ಊಹಿಸಿದ್ದ. ಅದು ಸರಿಯಾಗಿ 1 ಎಂದು ಆಮೇಲೆ ಸಾಧಿತವಾಯಿತು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 1897ರಲ್ಲಿ ಪೈ 3.2 ಎಂದಾಗುವಂಥ ಮಸೂದೆ ಕೆಳಮನೆ ದಾಟಿ ಮೇಲ್ಮನೆಯಲ್ಲಿ ನಿಂತಿತು. ಮೂರರಲ್ಲೂ ತಿದ್ದುಪಡಿ ಬೇಕಾದದ್ದು ಮನುಷ್ಯರ ತಿಳಿವಳಿಕೆಗೆ.

ಭೌತಿಕ ಸ್ಥಿರಾಂಕಗಳ ಜಾತಿಯೇ ಬೇರೆ, ಅವನ್ನು ಇವುಗಳೊಂದಿಗೆ ಬೆರೆಸಬೇಡಿ. ಅವು ಅಳೆದು ತಿಳಿಯಬೇಕಾದವು, ಹಾಗಾಗಿ ಬದಲಾಗುತ್ತವೆಯೇ ಎಂದು ಕೇಳುವುದರಲ್ಲಿ ಅರ್ಥವಿದೆ. ಗುರುತ್ವ ವೇಗೋತ್ಕರ್ಷವಂತೂ ಊರಿಂದೂರಿಗೇ ಬೇರೆ: ಮುಂಬಯಿಯಲ್ಲಿ ಸುಮಾರು 9.786 ಮೀ./ಸೆ², ಘಟ್ಟ ಹತ್ತಿ ಪುಣೆಗೆ ಹೋದರೆ ಒಂದಿಷ್ಟು ಕಡಿಮೆ. ಹನ್ನೆರಡನೆಯ ತರಗತಿಯವರಿಗೆ ಇನ್ನೊಂದು ಸಂಗತಿ ಹೇಳಿ. ನಿರ್ವಾತದ ಕಾಂತೀಯ ಸ್ಥಿರಾಂಕ ನಿಖರವಾಗಿ 4 ಪೈ × 10ರ ಘಾತ −7 ಎಂದು ಹಳೆಯ ಪುಸ್ತಕಗಳಲ್ಲಿದೆ. 2019ರ ಮೇ 20ರಂದು ಎಸ್‌ಐ (ಅಂತರರಾಷ್ಟ್ರೀಯ ಪದ್ಧತಿಯ) ಮಾನಗಳ ವ್ಯಾಖ್ಯೆ ಬದಲಾದ ಮೇಲೆ ಅದು ನಿಖರವಲ್ಲ, ಪ್ರಯೋಗದಿಂದ ಅಳೆಯಬೇಕಾದ ಬೆಲೆ. ಪೈ ಅಲ್ಲಿ ಕದಲಿಲ್ಲ, ಆಂಪಿಯರ್‌ನ ವ್ಯಾಖ್ಯೆ ಕದಲಿತು. ವಿದ್ಯುತ್ಕಾಂತೀಯ ಬಲ ಎಷ್ಟು ಪ್ರಬಲ ಎಂದು ಹೇಳುವ, ಮಾನಗಳ ಹಂಗಿಲ್ಲದ ಸೂಕ್ಷ್ಮರಚನಾ ಸ್ಥಿರಾಂಕ (ಸುಮಾರು 137.036ರಲ್ಲಿ ಒಂದು ಭಾಗ) ಕಾಲಾಂತರದಲ್ಲಿ ಬದಲಾಗಿದೆಯೇ ಎಂದು ದೂರದ ಗೆಲಾಕ್ಸಿಗಳ ಬೆಳಕಿನ ರೋಹಿತದ ರೇಖೆಗಳಲ್ಲಿ ಈಗಲೂ ಹುಡುಕುತ್ತಾರೆ. ಪುಣೆಯ ಎನ್‌ಸಿಆರ್‌ಎ (ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರ) ಖಗೋಳಜ್ಞರೂ ಈ ಹುಡುಕಾಟದಲ್ಲಿದ್ದಾರೆ.

ಕಾಲೇಜಿನವರಿದ್ದರೆ ಕೊನೆಗೊಂದು ಕಠಿಣ ಪ್ರಶ್ನೆ ಕೊಡಿ. ನಿರಂತರತೆಯ ಊಹೆ, ಅಂದರೆ ಪೂರ್ಣಾಂಕಗಳ ಅನಂತಕ್ಕೂ ವಾಸ್ತವ ಸಂಖ್ಯೆಗಳ ಅನಂತಕ್ಕೂ ನಡುವೆ ಬೇರೆ ಅನಂತ ಇಲ್ಲ ಎಂಬುದು, ನಿಜವಾದರೆ 1, ಸುಳ್ಳಾದರೆ 0 ಎಂದು ಒಂದು ಸ್ಥಿರಾಂಕವನ್ನು ವ್ಯಾಖ್ಯಾನಿಸಿ. ಗಣಿತಜ್ಞರಾದ ಗೋಡೆಲ್ ಮತ್ತು 1963ರಲ್ಲಿ ಪಾಲ್ ಕೋಹೆನ್ ತೋರಿಸಿದಂತೆ, ಗಣಗಣಿತದ (ಸೆಟ್ ಥಿಯರಿ) ರೂಢಿಯ ಮೂಲತತ್ತ್ವಗಳು ಇದನ್ನು ನಿರ್ಧರಿಸಲಾರವು. ಆ ಮೂಲತತ್ತ್ವಗಳನ್ನು ಪಾಲಿಸುವ ಒಂದು ಮಾದರಿಯಲ್ಲಿ ಅದು 1, ಇನ್ನೊಂದರಲ್ಲಿ 0. ಬೇರೆ ಬೇರೆ ಬೆಲೆ ತಾಳುವ ಗಣಿತದ ಸ್ಥಿರಾಂಕ ಬೇಕೆಂದವರಿಗೆ ಇದು ನಿಜವಾದ ಉದಾಹರಣೆ. ಪೈಗೆ ಮಾತ್ರ ಈ ಅವಸ್ಥೆ ಇಲ್ಲ. ಅದರ ಎಷ್ಟನೆಯ ಅಂಕಿ ಬೇಕೆಂದರೂ ಮೇಲಿನಂಥ ಶ್ರೇಢಿಯ ಸಾಕಷ್ಟು ಪದಗಳನ್ನು ಕೂಡಿಸಿ, ಎಣಿಕೆಗೆ ಸಿಗುವಷ್ಟು ಹೆಜ್ಜೆಗಳಲ್ಲಿ ತೆಗೆಯಬಹುದು.